ನಮ್ಮವನೇ ಆದರೂ ಬಿಲ್ ಕೊಡಲಿ



ಶಾಲೆಯ ರಜೆ ಹತ್ತಿರ ಬಂತೆಂದರೆ ನಮ್ಮ ಕುಟುಂಬಗಳ ವಾಟ್ಸಾಪ್ ಗುಂಪಿಗೆ ಹಡಗು ಬರಲು ಶುರುವಾಗುತ್ತದೆ. ನೀಲಿ ಸಮುದ್ರ, ಬಿಳಿ ಹಡಗು, ದಪ್ಪ ಅಕ್ಷರದಲ್ಲಿ ಒಂದು ದರ, ದರದ ಪಕ್ಕದಲ್ಲಿ ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ನಕ್ಷತ್ರದ ಗುರುತು. ಕೆಳಗೆ ‘ಫ್ಯಾಮಿಲಿಗಳಿಗೆ ಮಾತ್ರ’, ‘ಹಲಾಲ್ ಊಟ’, ‘ಕೆಲವೇ ಸೀಟು ಉಂಟು’ ಎಂಬ ಸಾಲುಗಳು, ಮತ್ತೆ ಒಂದು ಮೊಬೈಲ್ ನಂಬರ್. ನಂಬರ್ ಯಾರದ್ದು ಎಂದು ಕೇಳಿದರೆ ಉತ್ತರ ತಯಾರಿರುತ್ತದೆ: ‘ನಮ್ಮವನೇ.’

ಈ ‘ನಮ್ಮವನೇ’ ಎಂಬ ಮಾತಿನ ಮೇಲೆ ನನಗೆ ಜಗಳ ಉಂಟು. ಕ್ರೂಸ್‌ನ ಮೇಲೆ ಇಲ್ಲ. ಉಮ್ಮ, ಉಪ್ಪನನ್ನು ಕರೆದುಕೊಂಡು ಮೂರು ದಿನ ಸಮುದ್ರದ ಮೇಲೆ ಇದ್ದು ಬರುವುದು ಒಳ್ಳೆಯ ಆಸೆ, ಹಾಗೆ ಹೋಗಿಬರಲು ಶಕ್ತಿ ಇರುವವರು ಹೋಗಲಿ. ಆದರೆ ಎರಡು ಲಕ್ಷದ ಸಾಮಾನು ಕೊಳ್ಳುವಾಗ ಚೀಟಿ ಕೇಳುವ ನಾವು, ಎರಡು ಲಕ್ಷದ ಪ್ರಯಾಣಕ್ಕೆ ದುಡ್ಡು ಕೊಡುವಾಗ ಒಂದು ಕಾಗದ ಕೇಳಲು ನಾಚುತ್ತೇವೆ. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎಂದು ಹೇಳಿಕೊಳ್ಳುವವರು ನಾವು. ವ್ಯಾಪಾರಿ ಮೊದಲು ಕೇಳುವುದೇ ‘ಒಟ್ಟು ಎಷ್ಟು, ಯಾವತ್ತು, ಯಾರ ಕೈಗೆ’ ಎಂಬ ಮೂರು ಪ್ರಶ್ನೆ. ಹಡಗಿನ ಪೋಸ್ಟರ್ ಕಂಡ ಕೂಡಲೇ ಆ ಮೂರೂ ಎಲ್ಲಿ ಹೋಗುತ್ತವೆ?

ಕೇಳಿದರೆ ಅವನಿಗೆ ಬೇಸರವಾಗುತ್ತದೆ ಎನ್ನುತ್ತಾರೆ. ‘ಮೊನ್ನೆ ನಮ್ಮ ಮನೆಯ ಮದುವೆಗೆ ಬಂದು ಊಟ ಮಾಡಿದವನು, ಅವನ ಹತ್ತಿರ ರಶೀದಿ ಕೇಳುವುದಾ?’ ಕೇಳಬೇಕು. ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದು ಎಂದು ಮದ್ರಸದ ಮಕ್ಕಳನ್ನು ಕೇಳಿ ನೋಡಿ. ಅದು ಸೂರಾ ಬಕರದ 282ನೆಯದು. ಅವಧಿ ಇಟ್ಟು ಮಾಡುವ ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ, ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರ ಪಡಬೇಡಿ ಎಂಬುದು ಅದರ ವಿಷಯ. ಜನವರಿಯಲ್ಲಿ ದುಡ್ಡು ಕೊಟ್ಟು ಮೇ ತಿಂಗಳಲ್ಲಿ ಹಡಗು ಹತ್ತುವುದೆಂದರೆ, ಆ ನಾಲ್ಕು ತಿಂಗಳು ಆ ಮನುಷ್ಯ ನಿಮಗೆ ಸಾಲಗಾರ ಎಂದೇ ನಾನು ತಿಳಿಯುತ್ತೇನೆ. ಬರೆದಿಡುವುದು ಅವನ ಮೇಲಿನ ಸಂಶಯ ಅಲ್ಲ, ಇಬ್ಬರಿಗೂ ರಕ್ಷಣೆ. ನಾಟ್ರಾಂಪಾಳ್ಯದ ನಮ್ಮ ಅಂಗಡಿಯಲ್ಲಿ ಹುಣಸೆಹಣ್ಣು ತರುವ ರೈತ ಮೂವತ್ತು ವರ್ಷದ ಪರಿಚಯದವನಾದರೂ ತಕ್ಕಡಿಯ ಮುಳ್ಳು ನೋಡಿಯೇ ಲೆಕ್ಕ ಬರೆಸುತ್ತಾನೆ. ಉಪ್ಪನಿಗೆ ಅದರಿಂದ ಬೇಸರವಾದದ್ದನ್ನು ನಾನು ಕಂಡಿಲ್ಲ. ಬರೆಯದೆ ಹೋಗುವವನ ವಿಷಯದಲ್ಲಿಯೇ ಅವರಿಗೆ ಭಯ, ನಾಳೆ ಅವನು ಬೇರೆ ಲೆಕ್ಕ ಹೇಳಿಯಾನು ಎಂದು.

ಈಗ ದರದ ವಿಷಯಕ್ಕೆ ಬರೋಣ. ಕಳೆದ ವರ್ಷ ನಮ್ಮ ಮನೆಗೂ ಒಂದು ಪೋಸ್ಟರ್ ಬಂದಿತ್ತು. ಚೆನ್ನೈಯಿಂದ ಮೂರು ರಾತ್ರಿ, ಒಬ್ಬರಿಗೆ 21,999 ರೂಪಾಯಿ. ನಾವು ಏಳು ಜನ: ಉಪ್ಪ, ಉಮ್ಮ, ನಾನು, ಹೆಂಡತಿ, ಇಬ್ಬರು ಮಕ್ಕಳು ಮತ್ತು ಒಬ್ಬರೇ ಇರುವ ಮಾಮಿ. ಮನೆಯಲ್ಲಿ ಎಲ್ಲರೂ ಬೆರಳು ಮಡಚಿ ಲೆಕ್ಕ ಹಾಕಿದರು, ಏಳು ಜನಕ್ಕೆ 1,53,993. ನಾನು ಪೂರ್ತಿ ಕೊಟೇಷನ್ ಬರೆದು ಕಳಿಸಿ ಎಂದು ಹಟ ಹಿಡಿದೆ. ನಾಲ್ಕು ಸಲ ಫೋನ್ ಮಾಡಿದ ಮೇಲೆ ಬಂತು.

ಮೊದಲನೆಯದು, ಆ 21,999 ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ ತಲಾ ದರ. ಪ್ರಪಂಚದ ಹೆಚ್ಚುಕಡಿಮೆ ಎಲ್ಲ ಕ್ರೂಸ್ ಕಂಪನಿಗಳೂ ಹೀಗೆಯೇ ದರ ಬರೆಯುವುದು. ಕೋಣೆಯನ್ನು ಅವರು ಕ್ಯಾಬಿನ್ ಎನ್ನುತ್ತಾರೆ. ಮಾಮಿ ಒಬ್ಬರೇ ಕ್ಯಾಬಿನ್‌ನಲ್ಲಿ ಇರಬೇಕಾದರೆ ಇಬ್ಬರ ದರ, ಅಂದರೆ 43,998. ಅದೇ ಮಕ್ಕಳು ನಮ್ಮ ಕ್ಯಾಬಿನ್‌ನಲ್ಲಿ ಮೂರನೆಯ, ನಾಲ್ಕನೆಯ ಮಂಚದಲ್ಲಿ ಮಲಗಿದರೆ ತಲಾ 12,000. ಇಲ್ಲಿಗೆ ಲೆಕ್ಕ 1,55,994, ಬೆರಳ ಲೆಕ್ಕಕ್ಕೆ ಹತ್ತಿರವೇ ಇದೆ. ನಂತರ ಬಂತು ಬಂದರಿನ ಶುಲ್ಕ, ತಲೆಗೆ 6,500. ಒಂದು ವರ್ಷದ ಮಗುವಾಗಲಿ ಅಜ್ಜಿಯಾಗಲಿ, ಇದರಲ್ಲಿ ರಿಯಾಯಿತಿ ಇಲ್ಲ. ಏಳು ಜನಕ್ಕೆ 45,500. ಮತ್ತೆ ಹಡಗಿನ ಕೆಲಸದವರ ಟಿಪ್ಸ್, ತಲೆಗೆ ರಾತ್ರಿಗೆ 600ರಂತೆ 12,600. ಟಿಪ್ಸ್ ಎಂದರೆ ಕೊಟ್ಟರೆ ಕೊಟ್ಟದ್ದು ಎಂದು ತಿಳಿಯಬೇಡಿ, ಬಿಲ್ಲಿಗೇ ಸೇರಿಸಿರುತ್ತಾರೆ. ಕೊನೆಗೆ ಜಿಎಸ್‌ಟಿ. ಎಲ್ಲ ಸೇರಿ 2,24,000 ಚಿಲ್ಲರೆ. ಬೆರಳ ಲೆಕ್ಕಕ್ಕಿಂತ 70,000 ಮೇಲೆ. ಇದರಲ್ಲಿ ಹೊಸೂರಿನಿಂದ ಚೆನ್ನೈಗೆ ಹೋಗಿ ಬರುವ ಖರ್ಚಿಲ್ಲ, ಹಿಂದಿನ ರಾತ್ರಿಯ ಲಾಡ್ಜ್ ಇಲ್ಲ, ಹಡಗಿನ ಒಳಗಿನ ವೈಫೈ ಇಲ್ಲ, ಬಂದರಿನಲ್ಲಿ ಇಳಿದು ತಿರುಗುವ ಬಸ್ಸಿನ ದುಡ್ಡಿಲ್ಲ.

ಕಂಪನಿ ಮೋಸ ಮಾಡಿತು ಎಂದು ನಾನು ಹೇಳುತ್ತಿಲ್ಲ. ಅವರ ಷರತ್ತಿನ ಹಾಳೆಯಲ್ಲಿ ಎಲ್ಲವೂ ಇರುತ್ತದೆ. ನಡುವಿನ ‘ನಮ್ಮವನು’ ಆ ಹಾಳೆಯನ್ನು ಮನೆಗೆ ಕಳಿಸುವುದಿಲ್ಲ, ಪೋಸ್ಟರ್ ಮಾತ್ರ ಕಳಿಸುತ್ತಾನೆ. ಅಡ್ವಾನ್ಸ್ ಕೊಟ್ಟಾದ ಮೇಲೆ ಬಂದರಿನ ಶುಲ್ಕ ಎಂಬ ಮಾತು ಹೊರಗೆ ಬರುತ್ತದೆ. ಆಗ ಹಿಂದೆ ಹೋಗುವ ಹಾಗಿಲ್ಲ, ಮಕ್ಕಳಿಗೆ ಹೇಳಿ ಆಗಿದೆ, ಬಟ್ಟೆ ತೆಗೆದು ಆಗಿದೆ. ಯಾರಾದರೊಬ್ಬರು ಕೈಸಾಲ ಮಾಡುತ್ತಾರೆ, ಇಲ್ಲದಿದ್ದರೆ ಇಎಂಐ ಮಾಡಿಸುತ್ತಾರೆ. ಬಡ್ಡಿ ಹರಾಮ್ ಎಂದು ಎಲ್ಲರಿಗಿಂತ ಜೋರಾಗಿ ಹೇಳುವ ಮನೆಯಲ್ಲೇ ಹಡಗಿಗೆ ಇಎಂಐ ಇರುವುದನ್ನು ನಾನು ಕಂಡಿದ್ದೇನೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆದರೆ ಬೇರೆ ಲೇಖನವೇ ಆದೀತು.

ಗುಂಪು ಕಟ್ಟುವವನಿಗೆ ಏನು ಸಿಗುತ್ತದೆ ಎಂಬುದೂ ಗೊತ್ತಿರಲಿ. ಇಷ್ಟು ಜನರನ್ನು ತಂದರೆ ಒಬ್ಬರಿಗೆ ಉಚಿತ ಎಂಬ ಪದ್ಧತಿ ಕ್ರೂಸ್ ವ್ಯಾಪಾರದಲ್ಲಿ ಹಳೆಯದು, ಅದರ ಮೇಲೆ ಏಜೆಂಟರ ಕಮಿಷನ್ ಉಂಟು. ಇದರಲ್ಲಿ ತಪ್ಪೇನಿಲ್ಲ. ಬೆವರು ಸುರಿಸಿದವನು ದುಡಿದುಕೊಳ್ಳಲಿ. ಆದರೆ ‘ನಾನು ಸಮುದಾಯದ ಸೇವೆಗೆ ಮಾಡುತ್ತಿದ್ದೇನೆ, ನನಗೇನೂ ಇಲ್ಲ’ ಎಂದು ಹೇಳಿ ತನ್ನ ಹೆಂಡತಿ ಮಕ್ಕಳನ್ನು ನಮ್ಮ ತಲೆಗಳ ಲೆಕ್ಕದಲ್ಲಿ ಹತ್ತಿಸುವುದು ವ್ಯಾಪಾರವೂ ಅಲ್ಲ, ಸೇವೆಯೂ ಅಲ್ಲ. ‘ನನಗೆ ಇಷ್ಟು ಸಿಗುತ್ತದೆ’ ಎಂದು ಮೊದಲೇ ಹೇಳುವವನ ಹತ್ತಿರವೇ ನಾನು ಬುಕ್ ಮಾಡುವುದು. ಅಂಥವರೂ ಇದ್ದಾರೆ, ಅವರ ವ್ಯಾಪಾರ ಕೆಡುತ್ತಿರುವುದು ಈ ಸೇವೆಯವರಿಂದ.

ದುಡ್ಡು ಹೇಗೆ ಕೊಡುವುದು? ನಗದು ಬೇಡ. ಒಬ್ಬ ವ್ಯಕ್ತಿಯಿಂದ ಒಂದು ದಿನದಲ್ಲಿ, ಅಥವಾ ಒಂದೇ ವ್ಯವಹಾರಕ್ಕೆ, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧ ಉಂಟು, ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ. ಹಾಗಾಗಿ ‘ಕ್ಯಾಶ್ ಕೊಟ್ಟರೆ ಸ್ವಲ್ಪ ಕಡಿಮೆ ಮಾಡುತ್ತೇನೆ’ ಎನ್ನುವವನು ತನ್ನ ತಲೆಯ ಮೇಲೆಯೇ ಕತ್ತಿ ನೇತುಹಾಕಿಕೊಂಡಿದ್ದಾನೆ. ನಾಳೆ ಅವನು ಇಲ್ಲ ಎಂದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಕಂಪನಿಯ ಖಾತೆಗೆ ನೇರ ಕಟ್ಟಿ, ಇಲ್ಲವೇ ಏಜೆನ್ಸಿಯ ಹೆಸರಿನ ಖಾತೆಗೆ ಬ್ಯಾಂಕಿನ ಮೂಲಕ ಕಟ್ಟಿ. ಅವನ ಸ್ವಂತ ಹೆಸರಿನ ಗೂಗಲ್ ಪೇಗೆ ಬೇಡ. ಕಟ್ಟಿದ ಮೇಲೆ ಬುಕಿಂಗ್ ನಂಬರ್ ತೆಗೆದುಕೊಂಡು ಕ್ರೂಸ್ ಕಂಪನಿಯ ಗ್ರಾಹಕರ ನಂಬರಿಗೆ ನೀವೇ ಫೋನ್ ಮಾಡಿ, ಈ ನಂಬರಿನಲ್ಲಿ ಯಾರ ಯಾರ ಹೆಸರಿದೆ, ಎಷ್ಟು ದುಡ್ಡು ಬಂದಿದೆ ಎಂದು ಕೇಳಿ. ಐದು ನಿಮಿಷದ ಕೆಲಸ. ಏಳು ಜನರಲ್ಲಿ ಒಬ್ಬರ ಹೆಸರು ಇಲ್ಲದಿದ್ದರೂ ಅದು ಬಂದರಿನ ಗೇಟಿನಲ್ಲಿ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗುವುದು ವಾಸಿ.

ವಿದೇಶದ ಪ್ಯಾಕೇಜ್ ಆದರೆ ಟಿಸಿಎಸ್ ಎಂದು ಒಂದು ಹಿಡಿಯುತ್ತಾರೆ. ಅದು ಖರ್ಚಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಸರಕಾರಕ್ಕೆ ಮೊದಲೇ ಹೋಗುವ ತೆರಿಗೆ. ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಬರುತ್ತದೆ, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ. ನಮ್ಮಲ್ಲಿ ಎಷ್ಟೋ ಜನ ಉಮ್ಮನ ಪ್ಯಾನ್ ಕೊಟ್ಟು ಸುಮ್ಮನಾಗುತ್ತಾರೆ, ಉಮ್ಮನ ಹೆಸರಿನಲ್ಲಿ ರಿಟರ್ನ್ ಯಾರೂ ಸಲ್ಲಿಸುವುದಿಲ್ಲ, ದುಡ್ಡು ಅಲ್ಲಿಯೇ ಉಳಿಯುತ್ತದೆ. ಏಜೆಂಟ್ ಹಿಡಿದ ಟಿಸಿಎಸ್ ನಿಜವಾಗಿ ಕಟ್ಟಿದ್ದಾನೋ ಇಲ್ಲವೋ ಎಂದು ಫಾರ್ಮ್ 26ಎಎಸ್‌ನಲ್ಲಿ ನೋಡಬಹುದು. ನೋಡಿ.

ಇನ್ನು ಹೆಸರು. ನಮ್ಮ ಹಿರಿಯ ಹೆಂಗಸರ ಪಾಸ್‌ಪೋರ್ಟ್ ತೆಗೆದು ನೋಡಿದರೆ ಎಷ್ಟೋ ಕಡೆ ಒಂದೇ ಪದ ಇರುತ್ತದೆ, ಸರ್‌ನೇಮ್ ಜಾಗ ಖಾಲಿ. ದುಬೈಯಿಂದ ಹೊರಡುವ ಚಳಿಗಾಲದ ಕ್ರೂಸ್‌ಗೆ ಮಗ ಅಲ್ಲಿಂದ ಟಿಕೆಟ್ ತೆಗೆದು ಕಳಿಸುತ್ತಾನೆ, ಉಮ್ಮ ಇಲ್ಲಿ ವಿಮಾನ ನಿಲ್ದಾಣದಲ್ಲಿ ನಿಲ್ಲುವ ಹಾಗಾಗುತ್ತದೆ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತೇವೆ ಎಂದು ಸಡಿಲಿಸಿತು. ಬುಕ್ ಮಾಡುವ ಮೊದಲೇ ಇದನ್ನು ನೋಡಬೇಕು. ಹಡಗು ಬೇರೆ ದೇಶಕ್ಕೆ ಹೋಗಿ ತಿರುಗಿ ಅದೇ ಬಂದರಿಗೆ ಬರುವುದಾದರೆ ವೀಸಾ ಒಂದೇ ಸಲದ ಪ್ರವೇಶಕ್ಕಾ, ಹಲವು ಸಲದ ಪ್ರವೇಶಕ್ಕಾ ಎಂಬುದೂ ಮುಖ್ಯ. ಒಂದೇ ಸಲದ ವೀಸಾದಲ್ಲಿ ಹತ್ತಿದವರು ವಾಪಸ್ ಬಂದಾಗ ಒಳಗೆ ಬರಲಾರರು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಬಾಕಿ ಇರಬೇಕು ಎಂಬುದು ಎಲ್ಲರಿಗೂ ಗೊತ್ತು, ಆದರೂ ಪ್ರತಿ ಗುಂಪಿನಲ್ಲಿ ಒಬ್ಬರು ಮರೆಯುತ್ತಾರೆ. ಗರ್ಭಿಣಿಯರನ್ನು ಸಾಮಾನ್ಯವಾಗಿ 24 ವಾರ ತುಂಬುವಷ್ಟರಲ್ಲಿ ಹಡಗಿಗೆ ಹತ್ತಿಸುವುದಿಲ್ಲ, ಆರು ತಿಂಗಳು ತುಂಬದ ಮಗುವನ್ನೂ ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ.

ಕ್ಯಾಬಿನ್ ಆರಿಸುವುದು ಗಂಡಸರ ಪ್ರತಿಷ್ಠೆಯ ವಿಷಯ ಆಗಿಬಿಟ್ಟಿದೆ. ‘ನಾವು ಬಾಲ್ಕನಿ ತೆಗೆದೆವು, ಅತ್ಯಂತ ಮೇಲಿನದು, ಮುಂಭಾಗ.’ ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಹಡಗಿನ ಇಂಜಿನಿಯರ್ ಅಲ್ಲ, ಆದರೆ ಇದಕ್ಕೆ ಡಿಪ್ಲೊಮಾವೂ ಬೇಡ. ಏತದ ಹಲಗೆಯ ಮೇಲೆ ಮಕ್ಕಳು ಆಡುವುದನ್ನು ನೋಡಿ. ತುದಿಯಲ್ಲಿ ಕೂತವನು ಮೇಲೆ ಕೆಳಗೆ ಹೋಗುತ್ತಾನೆ, ನಡುವೆ ನಿಂತವನು ಅಲುಗುವುದೇ ಕಡಿಮೆ. ಹಡಗೂ ಹಾಗೆ. ಮುಂದಿನ ತುದಿ, ಹಿಂದಿನ ತುದಿ ಏಳುತ್ತ ಬೀಳುತ್ತ ಇರುತ್ತವೆ, ಎತ್ತರದ ಮಹಡಿ ಆ ಕಡೆ ಈ ಕಡೆ ಹೆಚ್ಚು ತೂಗುತ್ತದೆ. ದೊಡ್ಡ ಹಡಗುಗಳಲ್ಲಿ ಪಕ್ಕದ ತೂಗಾಟ ತಗ್ಗಿಸಲು ನೀರಿನ ಒಳಗೆ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತದೆ, ಆದರೆ ಮುಂದೆ ಹಿಂದೆ ಏಳುಬೀಳುವುದಕ್ಕೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ. ಹಾಗಾಗಿ ತಲೆಸುತ್ತು ಬರುವ ಉಮ್ಮನಿಗೆ ಹಡಗಿನ ನಡುಭಾಗದ, ಕೆಳಗಿನ ಮಹಡಿಯ ಕ್ಯಾಬಿನ್ ಒಳ್ಳೆಯದು, ಮತ್ತು ಅದೇ ಕಡಿಮೆ ದರದ್ದು. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ, ಅದನ್ನು ಮಲಗುವವರನ್ನೇ ಕೇಳಿ. ಮಂಡಿ ನೋವಿನವರನ್ನು ಗೋಡೆಯಿಂದ ಇಳಿಸುವ ಮೇಲಿನ ಮಂಚಕ್ಕೆ ಏಣಿ ಹತ್ತಿಸಬೇಡಿ. ‘ಮೂರು ಜನ ಒಂದೇ ಕ್ಯಾಬಿನ್’ ಎಂದರೆ ಒಬ್ಬರು ಆ ಏಣಿ ಹತ್ತಲೇಬೇಕು ಎಂದು ಅರ್ಥ. ಡೆಕ್ ನಕ್ಷೆ ಕೇಳಿ ತೆಗೆದುಕೊಂಡು, ನಿಮ್ಮ ಕ್ಯಾಬಿನ್‌ನ ಮೇಲೆ ಕೆಳಗೆ ಏನಿದೆ ನೋಡಿ. ನೆತ್ತಿಯ ಮೇಲೆ ಡಿಸ್ಕೊ ಇದ್ದರೆ ಬಾಲ್ಕನಿ ಇದ್ದೂ ನಿದ್ದೆ ಇಲ್ಲ.

ಪಟ್ಟಿ ಹಾಕಿ ತೋರಿಸಿದ ಬಂದರುಗಳಿಗೆಲ್ಲ ಹಡಗು ಹೋಗಿಯೇ ಹೋಗುತ್ತದೆ ಎಂದು ನಂಬಬೇಡಿ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಳಿಗುಂಡ್ಲುವಿನಲ್ಲಿ ಕಾವೇರಿಯ ನೀರಿನ ಅಳತೆ ಏರಿತೆಂದರೆ ಹೊಗೇನಕಲ್‌ನಲ್ಲಿ ಹರಿಗೋಲು ನಿಂತಿತು, ನೀವು ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದಿದ್ದರೂ ಅಷ್ಟೇ. ಸಮುದ್ರದಲ್ಲಿ ಗಾಳಿ, ಅಲೆ, ಅದರ ಮೇಲೆ ಸರಕಾರ. 2022ರ ಜೂನ್‌ನಲ್ಲಿ ಚೆನ್ನೈಯಿಂದ ಹೊಸದಾಗಿ ಶುರುವಾದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ವಿಶಾಖಪಟ್ಟಣದಿಂದ ಪುದುಚೇರಿಗೆ ಬಂದಾಗ, ಹಡಗಿನಲ್ಲಿ ಕ್ಯಾಸಿನೊ ಇದೆ ಎಂಬ ವಿರೋಧದ ನಡುವೆ ಅಲ್ಲಿ ಅನುಮತಿ ಸಿಗಲಿಲ್ಲ. ಪುದುಚೇರಿ ನೋಡಲು ಹೊರಟವರು ದೂರದಿಂದ ನೋಡಿ ಹೋದರು. ಬಂದರು ತಪ್ಪಿದರೆ ಎಷ್ಟು ವಾಪಸ್ ಎಂದು ಷರತ್ತಿನ ಹಾಳೆಯಲ್ಲಿ ಓದಿ. ಹೆಚ್ಚಾಗಿ ಹಡಗಿನ ದರದಲ್ಲಿ ಏನೂ ಬರುವುದಿಲ್ಲ.

ಋತುವನ್ನೂ ನೋಡಬೇಕು. ಜೂನ್‌ನಿಂದ ಅರಬ್ಬಿ ಸಮುದ್ರ ಏಳುತ್ತದೆ, ಕರಾವಳಿಯ ಮೀನುಗಾರರ ಬೋಟೇ ಕಟ್ಟಿ ಹಾಕುತ್ತಾರೆ. ಮಳೆಗಾಲದಲ್ಲಿ ಮುಂಬೈ ಬಿಟ್ಟು ಚೆನ್ನೈಯಿಂದ ಹಡಗು ಓಡಿಸುವುದು ಅದಕ್ಕೇ. ಅಕ್ಟೋಬರ್ ಮೇಲೆ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ. ‘ನವೆಂಬರಿನಲ್ಲಿ ಚೆನ್ನೈಯಿಂದ ಭಾರಿ ರಿಯಾಯಿತಿ’ ಎಂದರೆ ರಿಯಾಯಿತಿ ಯಾಕೆ ಎಂದು ಒಂದು ಕ್ಷಣ ಯೋಚಿಸಿ. ಮತ್ತೆ, ಹಡಗು ಹೊರಡುವ ದಿನವೇ ಬೆಳಿಗ್ಗೆ ಚೆನ್ನೈಗೆ ತಲುಪುವ ಲೆಕ್ಕ ಹಾಕಬೇಡಿ. ಅಂಚೆಟ್ಟಿಯ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಬಸ್ ತಪ್ಪಿದರೆ ಮುಂದಿನದು ಉಂಟು, ಹಡಗಿಗೆ ಮುಂದಿನದು ಇಲ್ಲ.

ಈಗ ಹಲಾಲ್. ‘ಹಲಾಲ್ ಸಿಗುತ್ತದಾ’ ಎಂದು ಕೇಳಿದರೆ ಪ್ರಪಂಚದ ಯಾವ ಏಜೆಂಟನೂ ಇಲ್ಲ ಎನ್ನುವುದಿಲ್ಲ. ಪ್ರಶ್ನೆ ಬದಲಿಸಬೇಕು. ಮಾಂಸಕ್ಕೆ ಯಾರ ಸರ್ಟಿಫಿಕೇಟ್? ಅಡುಗೆಯ ಪಾತ್ರೆ, ಎಣ್ಣೆ ಬೇರೆಯಾ? ಬಫೆಯಲ್ಲಿ ಹಂದಿ ಮಾಂಸ ಇಡುತ್ತಾರಾ? ಇದಕ್ಕೆ ಕಂಪನಿಯಿಂದ ಇಮೇಲ್‌ನಲ್ಲಿ ಉತ್ತರ ಬರಬೇಕು, ಏಜೆಂಟನ ವಾಯ್ಸ್ ಮೆಸೇಜ್ ಸಾಲದು. ಸಿಂಗಾಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್ ಹಲಾಲ್ ಸ್ನೇಹಿ ಹಡಗು ಎಂದು ಪ್ರಮಾಣಪತ್ರ ಪಡೆದಿದೆ, ಆದರೆ ಅದರಲ್ಲಿ ಬಾರ್ ಇಲ್ಲ ಎಂದು ಅರ್ಥವಲ್ಲ. 2024ರ ಡಿಸೆಂಬರಿನಲ್ಲಿ ಜಿದ್ದಾದಿಂದ ಶುರುವಾದ ಸೌದಿಯ ಅರೋಯಾ ಹಡಗಿನಲ್ಲಿ ಮದ್ಯವೇ ಇಲ್ಲ. ಜುಬೈಲ್, ದಮ್ಮಾಮ್, ಜಿದ್ದಾದಲ್ಲಿ ಕುಟುಂಬ ಇಟ್ಟುಕೊಂಡಿರುವ ನಮ್ಮವರಿಗೆ ಅದು ಹತ್ತಿರದ ದಾರಿ. ಒಪ್ಪಿಗೆ ಆಗುವ ಉತ್ತರ ಸಿಗದಿದ್ದರೆ ಮೂರು ದಿನ ಸಸ್ಯಾಹಾರ ತಿಂದರೆ ಏನೂ ಆಗುವುದಿಲ್ಲ. ಊರಿನಿಂದ ಪತ್ತಿರ್, ಕೋಳಿ ಸಾರು ಡಬ್ಬಿ ಕಟ್ಟಿಕೊಂಡು ಹೋಗುವ ಯೋಚನೆ ಬಿಡಿ, ಹೊರಗಿನ ಅಡುಗೆ ಒಳಗೆ ಬಿಡುವುದಿಲ್ಲ. ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಬೆಂಕಿಯ ಭಯಕ್ಕೆ ಹಿಡಿದಿಟ್ಟುಕೊಳ್ಳುತ್ತಾರೆ. ಹೌದು, ರೈಸ್ ಕುಕ್ಕರ್ ತೆಗೆದುಕೊಂಡು ಹೋದವರೂ ನಮ್ಮಲ್ಲಿ ಇದ್ದಾರೆ.

ನಮಾಝಿನ ದಿಕ್ಕಿಗೆ ಫೋನ್ ನಂಬಿ ಕ್ಯಾಬಿನ್ ಒಳಗೆ ನಿಲ್ಲಬೇಡಿ. ಸುತ್ತ ಕಬ್ಬಿಣವೇ ಇರುವ ಕಡೆ ಫೋನಿನ ದಿಕ್ಸೂಚಿ ತಪ್ಪು ತೋರಿಸುತ್ತದೆ. ತೆರೆದ ಡೆಕ್‌ಗೆ ಹೋಗಿ ಸೂರ್ಯ ನೋಡಿ, ಹಡಗು ಯಾವ ಕಡೆ ಹೋಗುತ್ತಿದೆ ಎಂದು ಕ್ಯಾಬಿನ್‌ನ ಟಿವಿಯಲ್ಲಿ ನಕ್ಷೆ ಇದ್ದರೆ ನೋಡಿ. ಹಡಗು ತಿರುಗಿದರೆ ದಿಕ್ಕೂ ತಿರುಗುತ್ತದೆ. ಕಸ್ರ್, ಜಮ್ಅ್ ಮಾಡುವ ವಿಷಯ ಹೊರಡುವ ಮೊದಲು ಉಸ್ತಾದರನ್ನು ಕೇಳಿ, ನನ್ನನ್ನಲ್ಲ.

ಕ್ಯಾಸಿನೊ, ಬಾರ್ ಇರುವ ಕಡೆ ಹೋಗುವುದೇ ತಪ್ಪು ಎನ್ನುವವರಿಗೆ ನಾನು ಗೌರವದಿಂದ ಹೇಳುವುದು, ನಿಮಗೆ ದೇಶದ ಒಳಗೇ ಬೇರೆ ದಾರಿ ಉಂಟು ಎಂದು. ಕೊಚ್ಚಿಯಿಂದ ಲಕ್ಷದ್ವೀಪದ ಸರಕಾರಿ ಹಡಗು. ಎಂವಿ ಕವರತ್ತಿ ಹಡಗಿನಲ್ಲಿ ಸಮುದ್ರಂ ಎಂಬ ಐದು ದಿನದ ಪ್ಯಾಕೇಜನ್ನು ಲಕ್ಷದ್ವೀಪ ಆಡಳಿತದ ಸ್ಪೋರ್ಟ್ಸ್ ಎಂಬ ಸಂಸ್ಥೆ ನಡೆಸಿಕೊಂಡು ಬಂದಿದೆ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಇಳಿಯುವುದು, ರಾತ್ರಿ ಹಡಗಿನಲ್ಲಿ ಮಲಗುವುದು. ಜನ ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು, ಊಟದ ಚಿಂತೆ ಇಲ್ಲ, ಜನವಸತಿ ಇರುವ ದ್ವೀಪಗಳಲ್ಲಿ ಮದ್ಯ ನಿಷೇಧ. ನಮ್ಮ ಮಾತಿಗೂ ಅವರ ಮಾತಿಗೂ ಮಲಯಾಳದ ಕಡೆಯಿಂದ ನೆಂಟಸ್ತಿಕೆ ಉಂಟು, ಮಂಗಳೂರಿನ ಬಂದರಿನಿಂದ ಅಕ್ಕಿ, ಕಟ್ಟಡದ ಸಾಮಾನು ಮಂಜಿಗಳಲ್ಲಿ ಅಲ್ಲಿಗೆ ಹೋಗುತ್ತಿದ್ದದ್ದು ಹಳೆಯ ಸಂಬಂಧ. ಈ ಹಡಗು ಐಷಾರಾಮಿ ಅಲ್ಲ. ಆರ್ಕೆಸ್ಟ್ರಾ ಇಲ್ಲ. ಪ್ರವೇಶದ ಪರ್ಮಿಟ್ ಬೇಕು, ಅದಕ್ಕೆ ಮೊದಲೇ ಅರ್ಜಿ ಹಾಕಬೇಕು. ದ್ವೀಪಕ್ಕೆ ಹಡಗು ತಾಗುವುದಿಲ್ಲ ಎಂಬುದು ಮುಖ್ಯ, ಹೆಚ್ಚಿನ ಕಡೆ ಆಳ ಸಮುದ್ರದಲ್ಲಿ ನಿಲ್ಲಿಸಿ ಸಣ್ಣ ಬೋಟಿಗೆ ಇಳಿಸುತ್ತಾರೆ. ಅಲುಗುವ ಹಡಗಿನಿಂದ ಅಲುಗುವ ಬೋಟಿಗೆ ಕಾಲು ಇಡಬೇಕು. ಮಂಡಿ ಶಸ್ತ್ರಚಿಕಿತ್ಸೆ ಆದವರನ್ನು ಕರೆದುಕೊಂಡು ಹೋಗುವ ಮೊದಲು ಈ ದೃಶ್ಯವನ್ನು ಕಣ್ಣ ಮುಂದೆ ತಂದುಕೊಳ್ಳಿ. ಖಾಸಗಿ ಕ್ರೂಸ್‌ನ ‘ಲಕ್ಷದ್ವೀಪ’ ಪ್ಯಾಕೇಜ್ ತೆಗೆದುಕೊಂಡರೂ ದ್ವೀಪದಲ್ಲಿ ಸಿಗುವುದು ಕೆಲವು ಗಂಟೆ ಮಾತ್ರ. ಪಣಂಬೂರಿಗೆ ವಿದೇಶಿ ಕ್ರೂಸ್ ಬಂದ ದಿನ ನೋಡಿದವರಿಗೆ ಇದು ಗೊತ್ತು: ಬೆಳಿಗ್ಗೆ ಇಳಿಯುತ್ತಾರೆ, ಸಂತ ಅಲೋಶಿಯಸ್ ಚಾಪೆಲ್, ಕುದ್ರೋಳಿ, ಗೇರುಬೀಜದ ಕಾರ್ಖಾನೆ ನೋಡುತ್ತಾರೆ, ಸಂಜೆ ಹತ್ತುತ್ತಾರೆ. ಅವರು ಮಂಗಳೂರು ನೋಡಿದ ಹಾಗೆಯೇ ನಾವು ಅಗತ್ತಿ ನೋಡುವುದು.

ಎಲ್ಲಕ್ಕಿಂತ ನನಗೆ ಸಿಟ್ಟು ಬರುವುದು ‘ಹಡಗಿನಲ್ಲಿ ಹಜ್, ಉಮ್ರಾ, ಈಗಲೇ ಹೆಸರು ಬರೆಸಿ’ ಎಂಬ ಫಾರ್ವರ್ಡ್ ಕಂಡಾಗ. ನಮ್ಮ ಅಜ್ಜಂದಿರ ಕಾಲದಲ್ಲಿ ಮುಂಬೈಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹೋಗುತ್ತಿದ್ದರು, ಒಂದು ಕಡೆಯ ಪ್ರಯಾಣಕ್ಕೆ ವಾರಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಹೋಗಿ ಬಂದವರ ಕಥೆ ಹಳೆಯ ಮನೆಗಳಲ್ಲೆಲ್ಲ ಉಂಟು, ಹಾಗಾಗಿ ಹಡಗು ಎಂದ ಕೂಡಲೇ ಹಿರಿಯರ ಕಣ್ಣು ತುಂಬುತ್ತದೆ. ಆ ಹಡಗು 1995ರಲ್ಲಿ ನಿಂತಿತು. 2018ರ ಜನವರಿಯಲ್ಲಿ ಸಮುದ್ರದ ದಾರಿ ಮತ್ತೆ ತೆರೆಯಲು ಸೌದಿ ಒಪ್ಪಿದೆ ಎಂದು ಆಗಿನ ಅಲ್ಪಸಂಖ್ಯಾತರ ಸಚಿವ ಮುಖ್ತಾರ್ ಅಬ್ಬಾಸ್ ನಖ್ವಿ ಹೇಳಿದರು. ಪೇಪರಿನಲ್ಲಿ ಬಂತು, ಅಷ್ಟೇ. ಆ ಮಾತು ಹಿಡಿದು ಹಾಜಿಗಳ ಹಡಗು ಮುಂಬೈ ಬಿಟ್ಟಿಲ್ಲ. ಹಿರಿಯರ ಆ ಕಣ್ಣೀರಿನ ಮೇಲೆ ಅಡ್ವಾನ್ಸ್ ಎತ್ತುವವನು ನಮ್ಮವನಾದರೆ, ಪರರು ಯಾರು ಎಂದು ನಾನು ಕೇಳುತ್ತೇನೆ. ಹಜ್‌ಗೆ ಹೋಗುವವರು ಹಜ್ ಕಮಿಟಿಯ ಮೂಲಕ, ಅಥವಾ ಸರಕಾರದ ಪಟ್ಟಿಯಲ್ಲಿ ಇರುವ ಖಾಸಗಿ ಸಂಸ್ಥೆಯ ಮೂಲಕ ಹೋಗಬೇಕು. ಹಡಗಿನ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಯಾರಿಗೂ ಕೊಡಬೇಡಿ. ಅಂಥ ಪೋಸ್ಟರ್ ಮಸೀದಿಯ ಗುಂಪಿಗೆ ಬಂದರೆ ಜಮಾಅತಿನವರು ಅಳಿಸಿ ಹಾಕಬೇಕು, ‘ನೋಡೋಣ’ ಎಂದು ಬಿಡಬಾರದು.

ಕ್ಯಾನ್ಸಲ್ ವಿಷಯ ಒಂದು ಬಾಕಿ. ಮನೆಯಲ್ಲಿ ಹಿರಿಯರು ಇರುವಾಗ ಆಸ್ಪತ್ರೆ, ಮೌತ್ ಯಾವತ್ತು ಎಂದು ಹೇಳಲಾಗದು. ಹಡಗು ಹೊರಡುವ ದಿನ ಹತ್ತಿರವಾದ ಹಾಗೆ ವಾಪಸ್ ಬರುವ ದುಡ್ಡು ಕಡಿಮೆಯಾಗುತ್ತದೆ, ಕೊನೆಯ ಕೆಲವು ವಾರಗಳಲ್ಲಿ ಏನೂ ಇಲ್ಲ. ಯಾವ ತಾರೀಕಿನವರೆಗೆ ಎಷ್ಟು ಎಂಬ ಪಟ್ಟಿ ಕಂಪನಿಯದ್ದು ಬೇರೆ, ಏಜೆಂಟನದ್ದು ಬೇರೆ ಇರುತ್ತದೆ. ಎರಡನ್ನೂ ಕೇಳಿ. ನಮಗೆ ಕೊಟೇಷನ್ ಕಳಿಸಿದವನು ಈ ಪಟ್ಟಿ ಕೇಳಿದ ಮೇಲೆ ಫೋನ್ ಎತ್ತಲಿಲ್ಲ. ಮನೆಯಲ್ಲಿ ಎರಡು ದಿನ ನನ್ನ ಮೇಲೆ ಸಿಟ್ಟು ಇತ್ತು, ‘ನಿನ್ನ ಕಾನೂನಿನಿಂದ ಎಲ್ಲ ಹೋಯಿತು’ ಎಂದು. ಮೂರನೇ ದಿನ ಮಾಮಿಯೇ ಕೇಳಿದರು, ದುಡ್ಡು ಎಲ್ಲಿಯೂ ಹೋಗಲಿಲ್ಲವಲ್ಲ, ಬೇರೆ ಯಾವುದಾದರೂ ಹಡಗು ನೋಡು ಎಂದು.

ಕೇಳಲು ಮುಜುಗರ ಪಡುವವರಿಗಾಗಿ ನಾನು ಈಗ ಕಳಿಸುವ ಸಂದೇಶವನ್ನು ಇಲ್ಲಿ ಕೊಡುತ್ತೇನೆ. ಹೆಸರು, ತಾರೀಕು ಬದಲಿಸಿಕೊಂಡು ಹಾಗೆಯೇ ಕಳಿಸಿ:

‘ಅಸ್ಸಲಾಮು ಅಲೈಕುಂ ಕಾಕ. ನಾವು ಏಳು ಜನ ಬರುವ ಆಲೋಚನೆಯಲ್ಲಿ ಇದ್ದೇವೆ. ಬಂದರಿನ ಶುಲ್ಕ, ಟಿಪ್ಸ್, ಜಿಎಸ್‌ಟಿ ಎಲ್ಲ ಸೇರಿಸಿ ಒಟ್ಟು ಮೊತ್ತ, ಪ್ರತಿಯೊಬ್ಬರ ಕ್ಯಾಬಿನ್ ಯಾವ ಮಹಡಿ ಯಾವ ಭಾಗ, ಕ್ಯಾನ್ಸಲ್ ಮಾಡಿದರೆ ಯಾವ ತಾರೀಕಿನವರೆಗೆ ಎಷ್ಟು ವಾಪಸ್, ದುಡ್ಡು ಯಾವ ಹೆಸರಿನ ಖಾತೆಗೆ ಕಟ್ಟಬೇಕು, ನಿಮ್ಮ ಕಮಿಷನ್ ಎಷ್ಟು, ಇಷ್ಟನ್ನು ಬರೆದು ಕಳಿಸಿ. ಬಂದ ಮೇಲೆ ಮನೆಯಲ್ಲಿ ಓದಿ, ಇನ್‌ಶಾ ಅಲ್ಲಾಹ್, ಎರಡು ದಿನದಲ್ಲಿ ಹೇಳುತ್ತೇವೆ.’